ಡಾಸ್‌ಬಾಕ್ಸ್‌ನಲ್ಲಿ ಹಳೆಯ ಆಟ ಏಕೆ ಕ್ರ್ಯಾಶ್ ಆಗುತ್ತದೆ?

1994ರಲ್ಲಿ ಎಪಿಕ್ ಮೆಗಾಗೇಮ್ಸ್ ಹೊರತಂದ 'ಜಾಝ್ ಜಾಕ್‌ರ್ಯಾಬಿಟ್' ಆಟವನ್ನು ಇವತ್ತಿನ ಲ್ಯಾಪ್‌ಟಾಪಿನಲ್ಲಿ ಡಾಸ್‌ಬಾಕ್ಸ್ ಮೂಲಕ ಶುರು ಮಾಡಿದರೆ, ಹಸಿರು ಮೊಲ ಕಾಣಿಸಿಕೊಳ್ಳುವ ಮೊದಲೇ 'ರನ್‌ಟೈಮ್ ಎರರ್ 200' ಎಂಬ ಸಾಲು ಬಂದು ಎಲ್ಲವೂ ನಿಂತುಬಿಡುವುದುಂಟು. ಫೈಲೇ ಕೆಟ್ಟಿದೆಯೆಂದು ಹೆಚ್ಚಿನವರು ಇನ್ನೊಂದು ಪ್ರತಿ ಹುಡುಕಲು ಹೊರಡುತ್ತಾರೆ. ಅದು ದಂಡದ ಕೆಲಸ. ಇಲ್ಲಿ ಕೆಟ್ಟಿರುವುದು ಫೈಲಲ್ಲ, ಯಂತ್ರದ ವೇಗ ಮಿತಿಮೀರಿದೆ.

ಎಮ್ಯುಲೇಟರಿನ ಕೆಲಸ

64 ಬಿಟ್ ವಿಂಡೋಸ್ 16 ಬಿಟ್‌ನ ಡಾಸ್ ಪ್ರೋಗ್ರಾಂಗಳನ್ನು ನಡೆಸುವುದಿಲ್ಲ. 2002ರಲ್ಲಿ ಮೊದಲು ಬಿಡುಗಡೆಯಾದ ಡಾಸ್‌ಬಾಕ್ಸ್ ಆ ಕೊರತೆ ತುಂಬುತ್ತದೆ. ಹಳೆಯ ಪ್ರೊಸೆಸರ್, ವಿಜಿಎ ಕಾರ್ಡ್, ಸೌಂಡ್ ಬ್ಲಾಸ್ಟರ್ ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ಅನುಕರಿಸುತ್ತದೆ. ಅಂದಿನ ಆಟಗಳು ಹಾರ್ಡ್‌ವೇರನ್ನು ನೇರವಾಗಿ ಮುಟ್ಟುತ್ತಿದ್ದವು. ಹಾಗಾಗಿ ಅನುಕರಿಸಿದ ಯಂತ್ರ ಆಟದ ನಿರೀಕ್ಷೆಗಿಂತ ಚುರುಕಾಗಿದ್ದರೂ ತೊಂದರೆಯೇ.

ಎರರ್ 200ರ ಒಳಗುಟ್ಟು

ಈ ಸಂಖ್ಯೆ ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಪಾಸ್ಕಲ್‌ನದು. 'ಸೊನ್ನೆಯಿಂದ ಭಾಗಿಸಲಾಗಿದೆ' ಎಂಬುದು ಅದರ ಅರ್ಥ. ತಮಾಷೆಯೆಂದರೆ ಆ ಲೆಕ್ಕದಲ್ಲಿ ಸೊನ್ನೆ ಎಲ್ಲೂ ಇಲ್ಲ.

ಪಾಸ್ಕಲ್‌ನ 'ಸಿಆರ್‌ಟಿ' ಯೂನಿಟ್ ಬಳಸಿದ ಪ್ರೋಗ್ರಾಂ ತನ್ನ ಮೊದಲ ಸಾಲಿಗೂ ಮುಂಚೆ ಯಂತ್ರದ ವೇಗ ಅಳೆಯುತ್ತದೆ. ಪಿಸಿಯ ಟೈಮರ್ ಸೆಕೆಂಡಿಗೆ ಸುಮಾರು 18.2 ಸಲ ಮಿಡಿಯುತ್ತದೆ, ಎಂದರೆ 55 ಮಿಲಿಸೆಕೆಂಡಿಗೊಮ್ಮೆ. ಅಷ್ಟು ಹೊತ್ತಿನಲ್ಲಿ ಒಂದು ಖಾಲಿ ಲೂಪ್ ಎಷ್ಟು ಸಲ ಸುತ್ತಿತೆಂದು ಎಣಿಸಿ, ಅದನ್ನು 55ರಿಂದ ಭಾಗಿಸುತ್ತದೆ. ಉತ್ತರ 16 ಬಿಟ್‌ನಲ್ಲಿ ಹಿಡಿಯಬೇಕು, ಅಂದರೆ 65,535 ದಾಟಕೂಡದು. ಸುತ್ತುಗಳು 36 ಲಕ್ಷ ಮೀರಿದರೆ ಉತ್ತರ ಆ ಜಾಗದಲ್ಲಿ ಹಿಡಿಯುವುದಿಲ್ಲ. ಇಂಟೆಲ್ ಪ್ರೊಸೆಸರ್‌ಗೆ ಭಾಗಲಬ್ಧ ಹಿಡಿಸದಿರುವುದೂ ಸೊನ್ನೆಯಿಂದ ಭಾಗಿಸುವುದೂ ಒಂದೇ ಬಗೆಯ ತಪ್ಪು, ಎರಡಕ್ಕೂ ಅದೇ ಇಂಟರಪ್ಟ್. ಪಾಸ್ಕಲ್ ಪಾಪ, ತನಗೆ ಗೊತ್ತಿರುವ ಸಂದೇಶ ತೋರಿಸಿ ಕೈಚೆಲ್ಲುತ್ತದೆ. 200 ಮೆಗಾಹರ್ಟ್ಸ್ ಆಸುಪಾಸಿನ ಪೆಂಟಿಯಂಗಳು ಬಂದಾಗಲೇ ಇದು ನಿಜವಾದ ಪಿಸಿಗಳಲ್ಲೂ ತಲೆದೋರಿತ್ತು.

ವೇಗಕ್ಕೆ ಕಡಿವಾಣ

ಡಾಸ್‌ಬಾಕ್ಸ್‌ನ ಕಾನ್ಫಿಗರೇಶನ್ ಫೈಲಿನಲ್ಲಿ 'ಸೈಕಲ್ಸ್' ಎಂಬ ಸಾಲಿದೆ. ಒಂದು ಮಿಲಿಸೆಕೆಂಡಿನಲ್ಲಿ ಹೆಚ್ಚುಕಡಿಮೆ ಎಷ್ಟು ಇನ್‌ಸ್ಟ್ರಕ್ಷನ್ ನಡೆಸಬೇಕೆಂಬ ಲೆಕ್ಕ ಅದು. ಮೂಲದಲ್ಲಿ ಅದು 'ಆಟೊ' ಆಗಿರುತ್ತದೆ: ಸಾಮಾನ್ಯ ಆಟಕ್ಕೆ 3,000, ಆದರೆ ಆಟ ಪ್ರೊಟೆಕ್ಟೆಡ್ ಮೋಡ್‌ಗೆ ಹೋದೊಡನೆ ಗರಿಷ್ಠ. ಎಡವಟ್ಟಾಗುವುದು ಅಲ್ಲೇ.

'ಆಟೊ' ತೆಗೆದು 'ಫಿಕ್ಸೆಡ್ 20000' ಎಂದು ಬರೆಯಿರಿ. ಆಗ 55 ಮಿಲಿಸೆಕೆಂಡಿನಲ್ಲಿ ನಡೆಯುವ ಒಟ್ಟು ಇನ್‌ಸ್ಟ್ರಕ್ಷನ್‌ಗಳೇ 11 ಲಕ್ಷ. ಲೂಪಿನ ಒಂದೊಂದು ಸುತ್ತಿಗೂ ಹಲವು ಇನ್‌ಸ್ಟ್ರಕ್ಷನ್ ಬೇಕಾದ್ದರಿಂದ 36 ಲಕ್ಷದ ಗಡಿ ಬಹಳ ದೂರ. ಆಟ ಕುಂಟಿದರೆ ಕಂಟ್ರೋಲ್ ಜೊತೆ ಎಫ್12 ಒತ್ತಿ ವೇಗ ಏರಿಸಿ, ಎಫ್11 ಒತ್ತಿ ಇಳಿಸಿ. ಆಟದ ಫೈಲನ್ನೇ ತಿದ್ದುವ ಪ್ಯಾಚ್‌ಗಳೂ ಇವೆ. ಎಮ್ಯುಲೇಟರ್ ಇರುವಾಗ ಮೂಲ ಫೈಲಿಗೆ ಕೈಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ.

'ಪ್ಯಾಕ್ಡ್ ಫೈಲ್ ಈಸ್ ಕರಪ್ಟ್'

ಇದೂ ದಾರಿ ತಪ್ಪಿಸುವ ಸಂದೇಶ. ಡಿಸ್ಕಿನಲ್ಲಿ ಜಾಗ ಉಳಿಸಲು ಮೈಕ್ರೋಸಾಫ್ಟ್‌ನ ಎಕ್ಸೆಪ್ಯಾಕ್‌ನಿಂದ ಕುಗ್ಗಿಸಿದ ಆಟಗಳಲ್ಲಿ ಬರುತ್ತದೆ. ಮೆಮೊರಿಯ ಮೊದಲ 64 ಕೆಬಿಯೊಳಗೆ ಪ್ರೋಗ್ರಾಂ ಕೂತರೆ, ಅದನ್ನು ಬಿಚ್ಚುವ ಕೋಡ್ ವಿಳಾಸದ ಲೆಕ್ಕ ತಪ್ಪುತ್ತದೆ. ಹಳೆಯ ಡಾಸ್ ತಾನೇ ಆ ಜಾಗ ತುಂಬಿಕೊಳ್ಳುತ್ತಿದ್ದರಿಂದ ದೋಷ ಮರೆಯಲ್ಲಿತ್ತು. ಆಟದ ಹೆಸರಿಗೆ ಮೊದಲು 'ಲೋಡ್‌ಫಿಕ್ಸ್' ಎಂದು ಟೈಪ್ ಮಾಡಿದರೆ ಡಾಸ್‌ಬಾಕ್ಸ್ ಅಷ್ಟು ಮೆಮೊರಿಯನ್ನು ಬೇಕೆಂದೇ ಹಿಡಿದಿಟ್ಟು ಆಟವನ್ನು ಮೇಲೆ ಕೂರಿಸುತ್ತದೆ.

ಸದ್ದು ಬರುವ ಹೊತ್ತಿಗೆ ಹ್ಯಾಂಗ್ ಆದರೆ

ಆಟದ ಸೆಟಪ್ ತೆರೆದು ಸೌಂಡ್ ಬ್ಲಾಸ್ಟರ್ ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1 ಎಂದು ಕೊಡಿ. ಡಾಸ್‌ಬಾಕ್ಸ್‌ನ ಮೂಲ ಸೆಟ್ಟಿಂಗ್ ಇದೇ. ಹಲವು ಆಟಗಳ ಸೆಟಪ್‌ನಲ್ಲಿ ಐಆರ್‌ಕ್ಯೂ 5 ಇರುತ್ತದೆ, ಅದನ್ನು ಬದಲಿಸಿದರೆ ಸಾಕಾಗಬಹುದು.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಆಟ ನಡೆಸಿ ನೋಡಿ. ಸರಿಹೋದ ಮೇಲೆ ಆ ಕಾನ್ಫಿಗರೇಶನ್‌ನ ಒಂದು ಪ್ರತಿಯನ್ನು ಆಟದ ಫೋಲ್ಡರಿನಲ್ಲೇ ಇಟ್ಟುಕೊಳ್ಳಿ. ಒಂದು ಆಟಕ್ಕೆ ಹೊಂದಿದ ವೇಗ ಇನ್ನೊಂದಕ್ಕೆ ಹೊಂದುವುದಿಲ್ಲ.