ಅವಿಭಾಜ್ಯಗಳ ಬೆನ್ನು ಹತ್ತಿದ ವಿದ್ಯಾರ್ಥಿಗಳು

2002ರ ಆಗಸ್ಟ್ 4ರ ಭಾನುವಾರ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಜ್ಞಾನ ವಿಭಾಗದಿಂದ ದೇಶವಿದೇಶಗಳ ಕೆಲವು ತಜ್ಞರಿಗೆ ಒಂಬತ್ತು ಪುಟಗಳ ಒಂದು ಲೇಖನದ ಕರಡು ಹೋಯಿತು. ಅದನ್ನು ಬರೆದವರು ಮೂವರು. ಒಬ್ಬರು ಅಧ್ಯಾಪಕ ಮಣೀಂದ್ರ ಅಗ್ರವಾಲ್. ಉಳಿದಿಬ್ಬರು, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ, ಅದೇ ವರ್ಷ ಬಿ.ಟೆಕ್. ಮುಗಿಸಿದ ಹುಡುಗರು. ಮಾರನೆಯ ದಿನ ಅಮೆರಿಕದ ಗಣಿತಜ್ಞ ಕಾರ್ಲ್ ಪೊಮೆರನ್ಸ್ ಕರಡನ್ನು ಓದಿದರು. ವಾದ ಸರಿಯಾಗಿದೆಯೆಂದು ಮನವರಿಕೆಯಾಗಿ, ಅಂದೇ ಮಧ್ಯಾಹ್ನ ಸಹೋದ್ಯೋಗಿಗಳನ್ನು ಕೂಡಿಸಿ ಅದನ್ನು ವಿವರಿಸಿದರು. ಮಂಗಳವಾರ ಲೇಖನ ಅಂತರ್ಜಾಲದಲ್ಲಿ ಪ್ರಕಟವಾಯಿತು. ಗುರುವಾರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸುದ್ದಿಯಾಯಿತು.

ಅವರು ಬಿಡಿಸಿದ ಪ್ರಶ್ನೆಯನ್ನು ಪ್ರೌಢಶಾಲೆಯ ಮಕ್ಕಳಿಗೂ ಹೇಳಬಹುದು: ಕೊಟ್ಟ ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಬೇಗನೆ, ಸಂಶಯಕ್ಕೆ ಎಡೆಯಿಲ್ಲದಂತೆ ತಿಳಿಯುವುದು ಹೇಗೆ? ಶತಮಾನಗಳಿಂದ ಗಣಿತಜ್ಞರನ್ನು ಕಾಡಿದ ಈ ಪ್ರಶ್ನೆಗೆ ಒಂದು ಪದವಿ ತರಗತಿಯ ಪ್ರಾಜೆಕ್ಟಿನ ಮುಂದುವರಿಕೆಯಾಗಿ ಉತ್ತರ ಸಿಕ್ಕಿತು. ಅದು ಸಿಕ್ಕ ಬಗೆ ಉತ್ತರದಷ್ಟೇ ಸ್ವಾರಸ್ಯಕರವಾದುದು.

ಹಳೆಯ ಪ್ರಶ್ನೆ, ಹೊಸ ಅಗತ್ಯ

ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ ಅವಿಭಾಜ್ಯ. 2, 3, 5, 7, 11 ಇವೆಲ್ಲ ಅಂಥವು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಇವುಗಳನ್ನು ಜರಡಿ ಹಿಡಿದಂತೆ ಬೇರ್ಪಡಿಸುವ ವಿಧಾನವನ್ನು ತೋರಿಸಿದ. ಸಣ್ಣ ಸಂಖ್ಯೆಗಳಿಗೆ ಅದು ಸಾಕು. ಆದರೆ ನೂರು ಅಂಕಿಗಳ ಒಂದು ಸಂಖ್ಯೆಯನ್ನು ಚಿಕ್ಕ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ, ಐವತ್ತು ಅಂಕಿಗಳ ಸಂಖ್ಯೆಯವರೆಗೂ ಹೋಗಬೇಕಾದೀತು. ಸೆಕೆಂಡಿಗೆ ಲಕ್ಷ ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೂ ಈ ವಿಶ್ವದ ವಯಸ್ಸು ಸಾಲದು. ಜರ್ಮನಿಯ ಕಾರ್ಲ್ ಫ್ರೆಡರಿಕ್ ಗೌಸ್ 1801ರ ತನ್ನ ಗ್ರಂಥದಲ್ಲಿ, ಅವಿಭಾಜ್ಯಗಳನ್ನು ಗುರುತಿಸುವುದನ್ನು ಅಂಕಗಣಿತದ ಅತಿ ಮುಖ್ಯ ಸಮಸ್ಯೆಗಳಲ್ಲಿ ಒಂದೆಂದು ಎಣಿಸಿದ್ದ.

ಬಹುಕಾಲ ಇದು ಬಲ್ಲವರ ಬೌದ್ಧಿಕ ವ್ಯಾಯಾಮವಾಗಿಯೇ ಉಳಿದಿತ್ತು. 1977ರಲ್ಲಿ ಪರಿಸ್ಥಿತಿ ಬದಲಾಯಿತು. ಅಮೆರಿಕದ ಮೆಸಾಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ರೊನಾಲ್ಡ್ ರಿವೆಸ್ಟ್, ಅದಿ ಶಮೀರ್ ಮತ್ತು ಲಿಯೊನಾರ್ಡ್ ಏಡಲ್‌ಮನ್ ಒಂದು ಗೂಢಲಿಪಿ ವಿಧಾನವನ್ನು ರೂಪಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದನ್ನು 'ಆರ್‌ಎಸ್‌ಎ' ಎನ್ನುತ್ತಾರೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ಆದರೆ ಗುಣಲಬ್ಧವನ್ನು ಮಾತ್ರ ಕೊಟ್ಟು ಆ ಎರಡನ್ನು ಹುಡುಕು ಎಂದರೆ ಅದು ಸೋಲುತ್ತದೆ. ಗುಣಲಬ್ಧವೇ ಎಲ್ಲರಿಗೂ ಕಾಣುವ ಬೀಗ, ಆ ಎರಡು ಅವಿಭಾಜ್ಯಗಳೇ ಒಡೆಯನ ಬಳಿಯಿರುವ ಬೀಗದ ಕೈ. ಈಗ ಸಾಮಾನ್ಯವಾಗಿ ಬಳಸುವ ಇಂಥ ಒಂದು ಬೀಗದಲ್ಲಿ 617 ಅಂಕಿಗಳಿವೆ; ಅದರ ಕೈಗಳಲ್ಲಿ ತಲಾ ಮುನ್ನೂರಕ್ಕೂ ಹೆಚ್ಚು ಅಂಕಿಗಳು. ಇಂಥ ಕೈಗಳನ್ನು ಮಾಡಬೇಕಾದರೆ ದೊಡ್ಡ ಅವಿಭಾಜ್ಯಗಳು ಬೇಕು, ಅಂದರೆ ಅವುಗಳನ್ನು ಪರೀಕ್ಷಿಸುವ ಚುರುಕು ವಿಧಾನವೂ ಬೇಕು.

ಅಂಥ ವಿಧಾನಗಳಿಗೆ ಮೂಲ ಸುಳಿವು ಫ್ರಾನ್ಸಿನ ಪಿಯರ್ ಫರ್ಮಾ 1640ರಲ್ಲಿ ಹೇಳಿದ ಒಂದು ಪ್ರಮೇಯ. ಎರಡನ್ನು ಏಳು ಸಲ ಗುಣಿಸಿದರೆ 128. ಅದರಿಂದ ಎರಡನ್ನು ಕಳೆದರೆ 126. ಇದು ಏಳರಿಂದ ಸರಿಯಾಗಿ ಭಾಗವಾಗುತ್ತದೆ. ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ ಹೀಗೆಯೇ. ಒಂಬತ್ತನ್ನು ತೆಗೆದುಕೊಂಡರೆ 512ರಿಂದ ಎರಡು ಕಳೆದು 510. ಇದು ಒಂಬತ್ತರಿಂದ ಭಾಗವಾಗದು, ಹಾಗಾಗಿ ಒಂಬತ್ತು ಸಿಕ್ಕಿಬಿದ್ದಿತು. ಆದರೆ ಈ ಪರೀಕ್ಷೆಗೂ ಕಣ್ಣುತಪ್ಪಿಸುವ ಸಂಖ್ಯೆಗಳಿವೆ. 341 ಎಂಬುದು 11 ಮತ್ತು 31ರ ಗುಣಲಬ್ಧ, ಆದರೂ ತೇರ್ಗಡೆಯಾಗುತ್ತದೆ. 561 ಅಂತೂ ಎರಡರ ಬದಲು ಯಾವ ಸಂಖ್ಯೆಯಿಟ್ಟು ಪರೀಕ್ಷಿಸಿದರೂ ಅವಿಭಾಜ್ಯದ ವೇಷದಲ್ಲೇ ಇರುತ್ತದೆ. ನಿಜದಲ್ಲಿ ಅದು 3, 11, 17ರ ಗುಣಲಬ್ಧ.

1970ರ ದಶಕದಲ್ಲಿ ಈ ಪರೀಕ್ಷೆಯನ್ನು ಬಿಗಿಗೊಳಿಸುವ ಯತ್ನಗಳು ನಡೆದವು. ಗ್ಯಾರಿ ಮಿಲ್ಲರ್ 1976ರಲ್ಲಿ ಒಂದು ಚುರುಕು ವಿಧಾನ ಕೊಟ್ಟರು. ಆದರೆ ಅದು ಇಂದಿಗೂ ಸಾಧಿತವಾಗದ ರೀಮಾನ್ ಊಹೆಯ ಒಂದು ವಿಸ್ತೃತ ರೂಪವನ್ನು ನಂಬಿ ನಿಂತಿತ್ತು. ಮೈಕೆಲ್ ರೇಬಿನ್ ಅದನ್ನು ಮಾರ್ಪಡಿಸಿ, ಊಹೆಯ ಹಂಗಿಲ್ಲದೆ, ಅದೃಷ್ಟ ಪರೀಕ್ಷೆಯ ರೂಪ ಕೊಟ್ಟರು. ಮನಬಂದ ಸಂಖ್ಯೆಯೊಂದನ್ನು ಆರಿಸಿ ಪರೀಕ್ಷಿಸಿದರೆ ಒಂದು ಸುತ್ತಿನಲ್ಲಿ ಮೋಸಹೋಗುವ ಸಂಭವ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ಇಪ್ಪತ್ತು ಸುತ್ತುಗಳಲ್ಲಿ ಲಕ್ಷ ಕೋಟಿಗೆ ಒಂದಕ್ಕಿಂತ ಕಡಿಮೆ. ವ್ಯವಹಾರಕ್ಕೆ ಇಷ್ಟು ಧಾರಾಳ. ಆದರೆ ಗಣಿತಕ್ಕೆ 'ಬಹುಶಃ' ಎಂಬ ಉತ್ತರ ಒಪ್ಪಿಗೆಯಾಗದು. ವೇಗ, ಖಚಿತತೆ, ಊಹೆಯ ಹಂಗಿಲ್ಲದಿರುವುದು, ಈ ಮೂರೂ ಒಟ್ಟಿಗೆ ಇರುವ ವಿಧಾನ ಉಂಟೇ ಎಂಬುದು ಹಾಗೆಯೇ ಉಳಿಯಿತು.

ಕಾನ್ಪುರದ ಹಿನ್ನೆಲೆ

ಈ ಪ್ರಶ್ನೆ ಕಾನ್ಪುರದಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ. ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳ ನೆರವಿನಿಂದ ಬೆಳೆದ ಈ ಸಂಸ್ಥೆಗೆ 1963ರಲ್ಲೇ ಐಬಿಎಂ 1620 ಎಂಬ ಗಣಕಯಂತ್ರ ಬಂದಿತ್ತು. ದೇಶದಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವರೇ ವಿರಳವಾಗಿದ್ದ ಆ ಕಾಲದಲ್ಲಿ ಇಲ್ಲಿ ಅದರ ಪಾಠ ಆರಂಭವಾಯಿತು. ವಿದ್ಯುತ್ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರೂ ಗಣಕ ಕೇಂದ್ರದ ಹೊಣೆ ಹೊತ್ತವರೂ ಆಗಿದ್ದ ಎಚ್.ಕೆ. ಕೇಶವನ್ ಅವರ ಹೆಸರಿನ ಮೊದಲಕ್ಷರ ಚಿಕ್ಕಮಗಳೂರಿನ ಹಿರೇಮಗಳೂರಿನದು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಪಠ್ಯಪುಸ್ತಕಗಳ ಮೂಲಕ ತಲೆಮಾರುಗಳಿಗೆ ಪ್ರೋಗ್ರಾಮಿಂಗ್ ಕಲಿಸಿದ ವಿ. ರಾಜಾರಾಮನ್ ಕೂಡ ಆಗ ಅಲ್ಲಿಯೇ ಅಧ್ಯಾಪಕರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಪದವಿ ಪಡೆದ ಎನ್.ಆರ್. ನಾರಾಯಣ ಮೂರ್ತಿಯವರು ಸ್ನಾತಕೋತ್ತರ ವ್ಯಾಸಂಗಕ್ಕೆ ಹೋದದ್ದೂ ಅಲ್ಲಿಗೇ. 1969ರಲ್ಲಿ ಅದನ್ನು ಮುಗಿಸಿದರು. 1971ರಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಪ್ರತ್ಯೇಕ ಎಂ.ಟೆಕ್. ಮತ್ತು ಪಿಎಚ್.ಡಿ. ವ್ಯಾಸಂಗ ಆರಂಭವಾಯಿತು.

ಅಗ್ರವಾಲ್ ಇದೇ ವಿಭಾಗದ ಕೂಸು. ಬಿ.ಟೆಕ್. ಓದಿದ್ದೂ, ಸೋಮನಾಥ್ ಬಿಸ್ವಾಸ್ ಅವರ ಮಾರ್ಗದರ್ಶನದಲ್ಲಿ 1991ರಲ್ಲಿ ಪಿಎಚ್.ಡಿ. ಪಡೆದದ್ದೂ ಇಲ್ಲಿಯೇ. 1999ರಲ್ಲಿ ಈ ಗುರುಶಿಷ್ಯರು ಸೇರಿ ಅವಿಭಾಜ್ಯ ಪರೀಕ್ಷೆಗೆ ಒಂದು ಹೊಸ ದಾರಿಯನ್ನು ಸೂಚಿಸಿದರು. ಅದೂ ಅದೃಷ್ಟ ಪರೀಕ್ಷೆಯೇ ಆಗಿತ್ತು. ಆದರೆ ಅದು ಬರಿಯ ಸಂಖ್ಯೆಗಳನ್ನು ಬಿಟ್ಟು ಬಹುಪದೋಕ್ತಿಗಳನ್ನು ಆಶ್ರಯಿಸಿತ್ತು.

ಮೇರುವಿನ ಒಂದು ಸಾಲು

ಛಂದಸ್ಸು ಓದಿದವರಿಗೆ 'ಮೇರು ಪ್ರಸ್ತಾರ' ಎಂಬ ಮಾತು ಹೊಸದಲ್ಲ. ಲಘು ಗುರುಗಳ ಜೋಡಣೆಗಳನ್ನು ಎಣಿಸಲು ಹುಟ್ಟಿದ ಈ ಗೋಪುರವನ್ನು ಪಿಂಗಳನ ಸೂತ್ರಗಳ ವ್ಯಾಖ್ಯಾನಕಾರ ಹಲಾಯುಧ ಹತ್ತನೆಯ ಶತಮಾನದಲ್ಲಿ ವಿವರಿಸಿದ್ದಾನೆ. ಮೇಲಿನ ಸಾಲಿನ ಎರಡೆರಡು ಸಂಖ್ಯೆಗಳನ್ನು ಕೂಡಿಸಿ ಕೆಳಗಿನದನ್ನು ಬರೆಯುತ್ತ ಹೋಗುವುದು ಅದರ ಕ್ರಮ. ಏಳರ ಸಾಲಿನಲ್ಲಿ ಬರುವುದು 1, 7, 21, 35, 35, 21, 7, 1. ಎರಡು ತುದಿಯ ಒಂದುಗಳನ್ನು ಬಿಟ್ಟರೆ ಒಳಗಿನವೆಲ್ಲ ಏಳರಿಂದ ಭಾಗವಾಗುತ್ತವೆ. ಆರರ ಸಾಲು 1, 6, 15, 20, 15, 6, 1. ಇಲ್ಲಿ 15 ಮತ್ತು 20 ಆರರಿಂದ ಭಾಗವಾಗುವುದಿಲ್ಲ. ಸಾಲಿನ ಒಳಗಿನ ಸಂಖ್ಯೆಗಳೆಲ್ಲ ಆ ಸಾಲಿನ ಕ್ರಮಾಂಕದಿಂದ ಭಾಗವಾದರೆ ಆ ಕ್ರಮಾಂಕ ಅವಿಭಾಜ್ಯ. ಒಂದು ತಪ್ಪಿದರೂ ಅಲ್ಲ. ಇಲ್ಲಿ 561ರಂಥ ವೇಷಧಾರಿಗಳಿಗೆ ಜಾಗವೇ ಇಲ್ಲ.

ತೊಡಕಿರುವುದು ಗಾತ್ರದಲ್ಲಿ. ನೂರು ಅಂಕಿಗಳ ಸಂಖ್ಯೆಯ ಸಾಲಿನಲ್ಲಿ ಅಷ್ಟೇ ಅಗಾಧ ಸಂಖ್ಯೆಯ ಮನೆಗಳಿರುತ್ತವೆ. ಬರೆದು ಮುಗಿಸುವುದು ಅಸಾಧ್ಯ. ಆದ್ದರಿಂದ ಸಾಲನ್ನು ಮಡಿಸಿ ನೋಡುವ ಉಪಾಯ. ಗಡಿಯಾರದಲ್ಲಿ ಹನ್ನೆರಡು ಕಳೆದ ಮೇಲೆ ಮತ್ತೆ ಒಂದು ಬರುವಂತೆ, ಸಾಲನ್ನು ಒಂದು ಚಿಕ್ಕ ಅಳತೆಗೆ ಸುತ್ತಿ, ಒಂದರ ಮೇಲೊಂದು ಬಿದ್ದ ಸಂಖ್ಯೆಗಳ ಮೊತ್ತವನ್ನಷ್ಟೇ ಪರೀಕ್ಷಿಸುವುದು. ವರ್ಗಗಳನ್ನು ಮಾಡುತ್ತ ಹೋಗುವ ಜಾಣತನದಿಂದ ಇಡೀ ಸಾಲನ್ನು ಬರೆಯದೆಯೇ ಈ ಮೊತ್ತಗಳನ್ನು ಪಡೆಯಬಹುದು. ಆದರೆ ಮಡಿಸಿದಾಗ ತಪ್ಪುಗಳು ಒಂದರಲ್ಲೊಂದು ಅಡಗಿಹೋಗುವ ಅಪಾಯವುಂಟು. ಎಷ್ಟು ಅಗಲಕ್ಕೆ ಮಡಿಸಿದರೆ, ಎಷ್ಟು ಸಲ ಬೇರೆ ಬೇರೆ ಬಗೆಯಲ್ಲಿ ಪರೀಕ್ಷಿಸಿದರೆ ಯಾವ ತಪ್ಪೂ ತಪ್ಪಿಸಿಕೊಳ್ಳದು? ಪ್ರಶ್ನೆ ಈಗ ಇಲ್ಲಿಗೆ ಬಂದು ನಿಂತಿತು.

ತರಗತಿಯಿಂದ ತರಗತಿಗೆ

ಇದನ್ನು ಅಗ್ರವಾಲ್ ಬಿ.ಟೆಕ್. ಅಂತಿಮ ವರ್ಷದ ವಿದ್ಯಾರ್ಥಿಗಳ ಮುಂದಿಟ್ಟರು. ಮೊದಲು ಕೈಹಾಕಿದವರು ರಜತ್ ಭಟ್ಟಾಚಾರ್ಜಿ ಮತ್ತು ಪ್ರಶಾಂತ್ ಪಾಂಡೆ. 2001ರ ತಮ್ಮ ಪ್ರಾಜೆಕ್ಟಿನಲ್ಲಿ ಇವರು ಮಡಿಸಿದ ಸಾಲುಗಳ ವರ್ತನೆಯನ್ನು ಅಭ್ಯಸಿಸಿದರು. ಒಂದೇ ಒಂದು ಮಡಿಕೆ ಸಾಕಾಗಬಹುದೆಂಬ ಊಹೆಯೊಂದು ಈ ಕೆಲಸದಿಂದ ಮೂಡಿತು. ಅದನ್ನು ಸಾಧಿಸಲು ಆಗಲಿಲ್ಲ. ಅವರು ಪದವಿ ಪಡೆದು ಹೊರಟರು. ಪ್ರಶ್ನೆ ಮುಂದಿನ ತಂಡಕ್ಕೆ, ಕಯಾಲ್ ಮತ್ತು ಸಕ್ಸೇನಾ ಅವರಿಗೆ, ಬಂತು. ಇವರು ಆ ಊಹೆಯನ್ನು ಒಂದು ಸಾವಿರ ಕೋಟಿಯವರೆಗಿನ ಸಂಖ್ಯೆಗಳ ಮೇಲೆ ಕಂಪ್ಯೂಟರಿನಲ್ಲಿ ಪರೀಕ್ಷಿಸಿ, ಎಲ್ಲೂ ತಪ್ಪದಿರುವುದನ್ನು ಕಂಡರು. 2002ರ ಏಪ್ರಿಲ್‌ನಲ್ಲಿ ಅವರು ಒಪ್ಪಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಖಚಿತ ಪರೀಕ್ಷೆಯೊಂದರ 'ಕಡೆಗೆ' ಎಂಬ ಮಾತಿತ್ತು. ಅಂದರೆ ಗುರಿ ಇನ್ನೂ ಮುಟ್ಟಿರಲಿಲ್ಲ.

ಪ್ರಾಜೆಕ್ಟಿಗೆ ಅಂಕ ಬಂದೊಡನೆ ಕಡತ ಕಟ್ಟಿಡುವುದು ನಮ್ಮ ಕಾಲೇಜುಗಳ ಸಾಮಾನ್ಯ ರೂಢಿ. ಇಲ್ಲಿ ಹಾಗಾಗಲಿಲ್ಲ. ಇಬ್ಬರೂ ಪಿಎಚ್.ಡಿ.ಗೆ ಕಾನ್ಪುರದಲ್ಲೇ ಉಳಿದರು. ಬೇಸಿಗೆಯಲ್ಲೂ ಮೂವರು ಕೆಲಸ ಮುಂದುವರಿಸಿದರು. ಒಂದೇ ಮಡಿಕೆಯ ಹಟ ಬಿಟ್ಟು, ಮಡಿಕೆಯ ಅಗಲವನ್ನು ಹಾಗೆಯೇ ಇಟ್ಟುಕೊಂಡು ಹಲವು ಸಲ ಪರೀಕ್ಷಿಸಿದರೆ ಸಾಧನೆ ಸುಲಭವಾಗುವುದೆಂದು ಕಂಡುಬಂತು. ತಕ್ಕ ಅಗಲ ಸಿಕ್ಕೇ ಸಿಗುವುದೆಂದು ತೋರಿಸಲು ಫ್ರಾನ್ಸಿನ ಎಟಿಯೆನ್ ಫೂವ್ರಿ 1985ರಲ್ಲಿ ಸಾಧಿಸಿದ್ದ ಪ್ರಮೇಯವೊಂದು ನೆರವಾಯಿತು. ಮುಂದೆ ಹೆಂಡ್ರಿಕ್ ಲೆನ್ಸ್ಟ್ರಾ ಮಾಡಿದ ಸುಧಾರಣೆಯಿಂದ ಅದೂ ಬೇಡವಾಗಿ, ಸಾಧನೆ ಗಣಿತದ ಪದವಿ ವಿದ್ಯಾರ್ಥಿ ಓದಿ ತಿಳಿಯುವಷ್ಟು ಸರಳವಾಯಿತು. ಲೇಖನ 2004ರಲ್ಲಿ 'ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಮೂವರ ಹೆಸರಿನ ಮೊದಲಕ್ಷರಗಳಿಂದ ಈ ಪರೀಕ್ಷೆಯನ್ನು ಜಗತ್ತು 'ಎಕೆಎಸ್' ಎಂದು ಕರೆಯುತ್ತದೆ. 2006ರಲ್ಲಿ ಗೋಡೆಲ್ ಮತ್ತು ಫಲ್ಕರ್ಸನ್ ಎಂಬ ಎರಡು ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿಗಳು ಮೂವರಿಗೂ ಸೇರಿ ಸಂದವು.

ಬೀಗ ಒಡೆಯಿತೇ?

ಸುದ್ದಿ ಹರಡಿದಾಗ ಒಂದು ಗಾಬರಿಯೂ ಹುಟ್ಟಿತ್ತು: ಅಂತರ್ಜಾಲದ ಬೀಗಗಳೆಲ್ಲ ಇನ್ನು ನಿಷ್ಪ್ರಯೋಜಕವೇ? ಹಾಗೇನೂ ಇಲ್ಲ. ಒಂದು ಸಂಖ್ಯೆ ಅವಿಭಾಜ್ಯವಲ್ಲ ಎಂದು ತಿಳಿಯುವುದು ಬೇರೆ, ಅದರ ಅಪವರ್ತನಗಳನ್ನು ಹುಡುಕುವುದು ಬೇರೆ. ಪೆಟ್ಟಿಗೆ ಖಾಲಿಯಿಲ್ಲವೆಂದು ಅಲ್ಲಾಡಿಸಿ ಹೇಳಬಹುದು. ಒಳಗಿರುವುದೇನೆಂದು ಅಷ್ಟರಿಂದ ತಿಳಿಯದು. ಎರಡನೆಯ ಸಮಸ್ಯೆಗೆ ಇಂದಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ನಡೆಯುವ ಚುರುಕು ವಿಧಾನ ಇನ್ನೂ ಸಿಕ್ಕಿಲ್ಲ. 250 ಅಂಕಿಗಳ ಒಂದು ಆರ್‌ಎಸ್‌ಎ ಸಂಖ್ಯೆಯನ್ನು ಒಡೆಯಲು ಸಂಶೋಧಕರಿಗೆ 2020ರವರೆಗೆ ಕಾಯಬೇಕಾಯಿತು, ಅದೂ ಸಾವಿರಾರು ಗಣಕಗಳ ಶ್ರಮದಿಂದ.

ವ್ಯವಹಾರದಲ್ಲಿ ಕೈಗಳನ್ನು ಮಾಡಲು ಇಂದಿಗೂ ಬಳಸುವುದು ರೇಬಿನ್‌ರ ಅದೃಷ್ಟ ಪರೀಕ್ಷೆಯನ್ನೇ, ಏಕೆಂದರೆ ಅದು ಎಕೆಎಸ್‌ಗಿಂತ ಬಹಳ ವೇಗವಾದುದು. ಹಾಗಾದರೆ ಕಾನ್ಪುರದ ಸಾಧನೆಯಿಂದ ಬಂದ ಲಾಭವೇನು? ಈ ಪ್ರಶ್ನೆಗೆ ಅದೃಷ್ಟದ ನೆರವು ಅನಿವಾರ್ಯವಲ್ಲ, ಸಾಧಿಸದ ಊಹೆಯ ಆಸರೆಯೂ ಬೇಕಿಲ್ಲ ಎಂಬುದು ಮೊದಲ ಬಾರಿಗೆ ಸಿದ್ಧವಾಯಿತು. ಭದ್ರತೆಯ ಶಾಸ್ತ್ರ ನಿಂತಿರುವುದೇ ಯಾವುದು ಸುಲಭ, ಯಾವುದು ಕಷ್ಟ ಎಂಬ ತಿಳಿವಳಿಕೆಯ ಮೇಲೆ. ಆ ಗಡಿಯ ಒಂದು ಕಲ್ಲನ್ನು ಇವರು ಗಟ್ಟಿಯಾಗಿ ನೆಟ್ಟರು.

ಸಕ್ಸೇನಾ ಹಾಲೆಂಡ್, ಜರ್ಮನಿಗಳಲ್ಲಿ ಸಂಶೋಧನೆ ನಡೆಸಿ ಮರಳಿ ಕಾನ್ಪುರದಲ್ಲೇ ಅಧ್ಯಾಪಕರಾದರು. 2018ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು. ಕಯಾಲ್ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯಕ್ಕೆ ಬಂದರು. 2021ರಲ್ಲಿ ಅವರಿಗೆ ಗಣಿತ ವಿಭಾಗದ ಇನ್ಫೊಸಿಸ್ ಪ್ರಶಸ್ತಿ ಸಂದಿತು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು ಅದೇ ಕಾನ್ಪುರದಲ್ಲಿ 1960ರ ದಶಕದಲ್ಲಿ ಓದಿದ್ದ ಮೂರ್ತಿಯವರೆಂಬುದು ಒಂದು ಸುಂದರ ಯೋಗಾಯೋಗ. ಅಗ್ರವಾಲ್ 2024ರಲ್ಲಿ ಸಂಸ್ಥೆಯ ನಿರ್ದೇಶಕರಾದರು. ಸೈಬರ್ ಭದ್ರತೆಗೆಂದೇ ಪ್ರತ್ಯೇಕ ಕೇಂದ್ರವೂ ಅಲ್ಲಿ ಬೆಳೆದಿದೆ.

ವಿದ್ಯಾರ್ಥಿಗಳಿಗೆ ಅವಕಾಶವೆಂದರೆ ಪ್ರಯೋಗಾಲಯ, ಉದ್ಯೋಗ, ಬಹುಮಾನಗಳೆಂದು ಎಣಿಸುವುದು ವಾಡಿಕೆ. ಕಾನ್ಪುರದ ಹುಡುಗರಿಗೆ ಸಿಕ್ಕ ಅವಕಾಶ ಬೇರೆ ಬಗೆಯದು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವರಿಗೆ ಒಪ್ಪಿಸುವ ಗುರುವಿದ್ದರು; ಅಪೂರ್ಣ ಪ್ರಬಂಧವನ್ನು ಸೋಲೆಂದು ಬಗೆಯದೆ ಮುಂದಿನವರ ಕೈಗೆ ದಾಟಿಸುವ ವಿಭಾಗವಿತ್ತು. ಒಂದೇ ಮಡಿಕೆಯ ಆ ಹಳೆಯ ಊಹೆ ಇಂದಿಗೂ ಸಾಧಿತವಾಗಿಲ್ಲ. ಅದು ಸುಳ್ಳಿರಬಹುದೆಂದು ಪೊಮೆರನ್ಸ್ ಮತ್ತು ಲೆನ್ಸ್ಟ್ರಾ ಕಾರಣ ಕೊಟ್ಟಿದ್ದಾರೆ. ಆದರೆ ಅದನ್ನು ಸುಳ್ಳು ಮಾಡುವ ಒಂದು ಸಂಖ್ಯೆಯೂ ಈವರೆಗೆ ಸಿಕ್ಕಿಲ್ಲ. ಅದಿನ್ನೂ ಯಾವುದೋ ತರಗತಿಯ ವಿದ್ಯಾರ್ಥಿಗಾಗಿ ಕಾದಿದೆ.