ಬ್ಯಾಟರಿಯನ್ನು ಬಿಟ್ಟು ಬರೆದ ಸೌರ ಚರಿತ್ರೆ

ಮನೆ ಮಾಳಿಗೆಯ ಸೌರವಿದ್ಯುತ್ತಿನ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳನ್ನು ಓದಿದರೆ, ಈ ವಿಷಯ ಹುಟ್ಟಿದ್ದೇ 2024ರ ಫೆಬ್ರುವರಿಯಲ್ಲಿ, ಪಿಎಂ ಸೂರ್ಯಘರ್ ಯೋಜನೆಯ ಜೊತೆಗೆ ಎಂಬ ಭಾವನೆ ಬರುತ್ತದೆ. ಸ್ವಲ್ಪ ಹಿಂದಕ್ಕೆ ಹೋದವರು 2014ರಲ್ಲಿ ಬೆಸ್ಕಾಂ ಆರಂಭಿಸಿದ ನೆಟ್ ಮೀಟರಿಂಗ್‌ವರೆಗೆ ಬಂದು ನಿಲ್ಲುತ್ತಾರೆ. ಅದಕ್ಕೂ ಮೊದಲಿನ ಕಾಲು ಶತಮಾನ ಯಾರ ಲೆಕ್ಕಕ್ಕೂ ಇಲ್ಲ. ಈ ಮರೆವಿನ ಬೆನ್ನಿಗೇ ಒಂದು ತಪ್ಪು ಭರವಸೆಯೂ ಮನೆಮನೆ ತಲುಪುತ್ತಿದೆ: ಫಲಕ ಹಾಕಿಸಿಬಿಟ್ಟರೆ ಬೇಸಿಗೆಯಲ್ಲಿ ಕರೆಂಟು ಹೋದರೂ ಚಿಂತೆಯಿಲ್ಲ ಎಂಬುದು. ಸಿಎಫ್‌ಎಲ್ ದೀಪದ ಕಾಲದಿಂದ ಈ ಕೆಲಸದಲ್ಲಿರುವ ನನಗೆ ಇದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ.

ಇವತ್ತು ಸಹಾಯಧನದಲ್ಲಿ ಕೂರುತ್ತಿರುವ ಹೆಚ್ಚಿನ ವ್ಯವಸ್ಥೆಗಳು ಆನ್‌ಗ್ರಿಡ್. ಬ್ಯಾಟರಿ ಇಲ್ಲ. ಫಲಕದ ವಿದ್ಯುತ್ತು ಮನೆಯಲ್ಲಿ ಖರ್ಚಾಗಿ ಉಳಿದದ್ದು ಲೈನಿಗೆ ಹೋಗುತ್ತದೆ. ಲೈನಿನಲ್ಲಿ ಕರೆಂಟು ಹೋದರೆ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ತಾನೂ ನಿಲ್ಲಲೇಬೇಕು. ಇದು ದೋಷವಲ್ಲ, ಕಡ್ಡಾಯವಾದ ರಕ್ಷಣೆ. ಕಂಬ ಹತ್ತಿದ ಪವರ್‌ಮ್ಯಾನ್ ಲೈನ್ ಸತ್ತಿದೆ ಎಂದು ನಂಬಿ ತಂತಿಗೆ ಕೈ ಹಾಕಿರುತ್ತಾನೆ. ಆಗ ಯಾವುದೋ ಮನೆಯ ಮಾಳಿಗೆಯಿಂದ ಕರೆಂಟು ಹರಿದುಬಂದರೆ ಅವನ ಜೀವ ಹೋಗುತ್ತದೆ. ಆದ್ದರಿಂದ ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಮೂರು ಕಿಲೊವಾಟ್ ಫಲಕದ ಮೇಲೆ ಬಿಸಿಲು ಸುರಿಯುತ್ತಿದ್ದರೂ ಕೆಳಗೆ ಫ್ಯಾನ್ ನಿಂತಿರುತ್ತದೆ. ಹಣ ಕೊಟ್ಟು ಹಾಕಿಸಿದವರಿಗೆ ಈ ಸಂಗತಿಯನ್ನು ಮೊದಲೇ ಹೇಳುವವರು ಕಡಿಮೆ.

ಹಿನ್ನೆಲೆಯನ್ನು ಚುಟುಕಾಗಿ ನೋಡೋಣ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆಮೇಲೆ ಜೋಗ, ಶರಾವತಿ, ಕಾಳಿ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಗುವವರೆಗೆ ರಾಜ್ಯದ ಕರೆಂಟು ಎಂದರೆ ಬಹುಪಾಲು ಮಳೆಯ ನೀರೇ. ಲಿಂಗನಮಕ್ಕಿ ಜಲಾಶಯ ತುಂಬದ ವರ್ಷ ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಖಚಿತ. ಇದಕ್ಕೆ ಪೇಟೆಯ ಮನೆಗಳು ಕಂಡುಕೊಂಡ ಉತ್ತರ, ನಮ್ಮಲ್ಲಿ ಎಲ್ಲರೂ ಯುಪಿಎಸ್ ಎಂದೇ ಕರೆಯುವ ಇನ್ವರ್ಟರ್ ಮತ್ತು ಟ್ಯೂಬುಲರ್ ಬ್ಯಾಟರಿ. ಅದು ಲೈನಿನಿಂದಲೇ ಕರೆಂಟು ತುಂಬಿಕೊಂಡು ಲೈನ್ ಇಲ್ಲದಾಗ ಕೊಡುತ್ತದೆ. ಬೇಸಿಗೆಯ ಕೊರತೆಯ ಕಾಲದಲ್ಲಿ ಊರಿನ ಇನ್ವರ್ಟರುಗಳೆಲ್ಲ ಕರೆಂಟು ಬಂದ ಕೂಡಲೇ ಒಟ್ಟಿಗೆ ಚಾರ್ಜ್ ಆಗತೊಡಗಿ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತಿದ್ದವು.

ಬೇರೆ ಬಗೆಯಲ್ಲಿ ಯೋಚಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ. ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಅವರು ಕಟ್ಟಿದ ಅಸ್ತ್ರ ಕೇಂದ್ರ ಮತ್ತು ಪುರ ಹಳ್ಳಿಯಲ್ಲಿ ಸಗಣಿ ಗ್ಯಾಸಿನಿಂದ ದೀಪ ಹಚ್ಚಿ ನೀರೆತ್ತಿದ ಪ್ರಯೋಗ ಅನೇಕರಿಗೆ ಗೊತ್ತು. ಗೊತ್ತಿರಬೇಕಾದದ್ದು, ಅವರೂ ಅವರ ಸಂಗಡಿಗರೂ 1990ರ ಆಸುಪಾಸಿನಲ್ಲಿ ಕರ್ನಾಟಕಕ್ಕಾಗಿ ಮಾಡಿದ ಡಿಫೆಂಡಸ್ ಎಂಬ ಲೆಕ್ಕಾಚಾರ. 2000ನೇ ಇಸವಿಗೆ ಇಷ್ಟು ವಿದ್ಯುತ್ತು ಬೇಕೆಂದು ಸರ್ಕಾರದ ಸಮಿತಿ ಒಂದು ದೊಡ್ಡ ಅಂದಾಜು ಕೊಟ್ಟಿತ್ತು. ರೆಡ್ಡಿಯವರು ಮನೆಯೊಳಗೆ ಬಂದು ನೋಡಿದರು. ಜನರಿಗೆ ಬೇಕಾದದ್ದು ಯೂನಿಟ್ ಅಲ್ಲ. ಬೆಳಕು, ಬಿಸಿನೀರು, ಗಾಳಿ. ಬುರುಡೆ ದೀಪದ ಬದಲು ಸಿಎಫ್‌ಎಲ್, ಬಚ್ಚಲಿನ ಗೀಸರಿನ ಬದಲು ಸೌರ ಹಂಡೆ ಎಂದು ಒಂದೊಂದನ್ನೂ ಲೆಕ್ಕ ಹಾಕಿದಾಗ ಅಗತ್ಯ ಸರ್ಕಾರಿ ಅಂದಾಜಿನ ಅರ್ಧಕ್ಕಿಂತ ಕೆಳಗಿಳಿಯಿತು. ಬೆಂಗಳೂರಿನ ಮಾಳಿಗೆಗಳ ತುಂಬ ಇವತ್ತು ಸೌರ ವಾಟರ್ ಹೀಟರುಗಳಿರುವುದು ಆ ಯೋಚನೆ ನೆಲಕ್ಕಿಳಿದ ಒಂದೇ ಒಂದು ದೊಡ್ಡ ನಿದರ್ಶನ. ಉಳಿದದ್ದು ಇಳಿಯಲಿಲ್ಲ, ಮತ್ತು ಇದಕ್ಕಿಂತ ಮುಖ್ಯವಾದ ಇಂಧನ ಚಿಂತನೆ ಈ ರಾಜ್ಯದಲ್ಲಿ ಆಮೇಲೆ ಬಂದಿಲ್ಲ ಎಂದೇ ನನ್ನ ನಂಬಿಕೆ.

ನಮ್ಮ ತಲೆಮಾರು ಕೆಲಸಕ್ಕೆ ಇಳಿದದ್ದು, ಮನೆಗೆ ನಿಜವಾಗಿ ಬೇಕಾದದ್ದೇನು ಎಂಬ ಈ ಪ್ರಶ್ನೆಯನ್ನು ಹಿಡಿದುಕೊಂಡೇ. 1995ರಲ್ಲಿ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಜೊತೆಗೂಡಿ ಸೌರದೀಪದ ಕಂಪನಿ ಸೆಲ್ಕೋ ಆರಂಭಿಸಿದಾಗ ಮಲೆನಾಡು, ಕರಾವಳಿಯ ಸಾವಿರಾರು ಮನೆಗಳಲ್ಲಿ ಚಿಮಣಿ ಬುಡ್ಡಿಯೇ ದೀಪ. ಕಾಳಿ, ಶರಾವತಿಯ ಅಣೆಕಟ್ಟುಗಳ ಆಸುಪಾಸಿನಲ್ಲೇ ಎಷ್ಟೋ ಮನೆಗಳಿಗೆ ಲೈನ್ ಬಂದಿರಲಿಲ್ಲ. ಆಗ ಫಲಕದ ಬೆಲೆ ಇವತ್ತಿನದರ ಎಷ್ಟೋ ಪಟ್ಟು. ಒಂದೊಂದು ವಾಟನ್ನೂ ಯೋಚಿಸಿ ಹಾಕಬೇಕಿತ್ತು. 35 ವಾಟಿನ ಫಲಕ, ಒಂದು ಬ್ಯಾಟರಿ, ನಾಲ್ಕು ಸಿಎಫ್‌ಎಲ್: ಇಷ್ಟನ್ನು ಕೂರಿಸುವ ಮೊದಲು ಮನೆಯೊಡತಿಯ ಜೊತೆ ಅರ್ಧ ದಿನ ಮಾತಾಡುತ್ತಿದ್ದೆವು. ಅಡುಗೆ ಎಷ್ಟು ಹೊತ್ತಿಗೆ, ಕೊಟ್ಟಿಗೆಗೆ ಬೆಳಗಿನ ಜಾವ ದೀಪ ಬೇಕೋ, ಓದುವ ಮಕ್ಕಳು ಯಾವ ಮೂಲೆಯಲ್ಲಿ ಕೂರುತ್ತಾರೆ ಎಂದೆಲ್ಲ ಕೇಳಿ, ಆಮೇಲೆ ತಂತಿ ಎಳೆಯುವುದು.

ಇದಕ್ಕೆ ಹಣ ಒದಗಿಸಿದ್ದು ಸಹಾಯಧನವಲ್ಲ, ನಮ್ಮ ಬ್ಯಾಂಕುಗಳು. ಮಲಪ್ರಭಾ ಗ್ರಾಮೀಣ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು, ಆಮೇಲೆ ಕೆನರಾ ಬ್ಯಾಂಕು. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಶಾಖಾ ವ್ಯವಸ್ಥಾಪಕರನ್ನು ಕರೆಸಿ ಸೌರದೀಪವೆಂದರೆ ಏನು, ಇದಕ್ಕೆ ಕೊಟ್ಟ ಸಾಲ ಮುಳುಗುವುದಿಲ್ಲ ಏಕೆ ಎಂದು ತರಬೇತಿ ಕೊಡುತ್ತಿತ್ತು. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಆದೀತು ಎಂದ ಬೀದಿ ವ್ಯಾಪಾರಿಯೊಬ್ಬರ ಮಾತನ್ನು ಹಂದೆಯವರು ಎಷ್ಟೋ ವೇದಿಕೆಗಳಲ್ಲಿ ನೆನೆದಿದ್ದಾರೆ; ಕಂತುಗಳನ್ನು ಗಳಿಕೆಗೆ ಹೊಂದಿಸುವ ಪಾಠ ಅಲ್ಲಿಂದಲೇ ಬಂತು. ಅಡಿಕೆ, ಭತ್ತದವರಿಗೆ ಸುಗ್ಗಿಯ ಕಂತು, ಹೂ ಮಾರುವವರಿಗೆ ದಿನದ ಕಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಬಡ್ಡಿಯ ಭಾರ ಇಳಿಸಿದಾಗ ಕೆಲವೇ ವರ್ಷಗಳಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಬೆಳಕು ಬಂತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳು ಅವರ ಬಗ್ಗೆ ಸಾಕಷ್ಟು ಬರೆದವು. ಸಾಲ ಮಂಜೂರು ಮಾಡಿದ ವ್ಯವಸ್ಥಾಪಕರ ಬಗ್ಗೆ, ಗುಡ್ಡ ಹತ್ತಿ ಬ್ಯಾಟರಿಗೆ ನೀರು ಹಾಕಿದ ಹುಡುಗರ ಬಗ್ಗೆ ಯಾರೂ ಬರೆಯಲಿಲ್ಲ.

ಆ ಹುಡುಗರು ಕಲಿತ ವಿದ್ಯೆ ಸಣ್ಣದಲ್ಲ. ಮುಚ್ಚಳ ಬಿಚ್ಚಿ ಹೈಡ್ರೋಮೀಟರ್ ಇಳಿಸಿ ಆಮ್ಲದ ಸಾಂದ್ರತೆ ನೋಡುವುದು, 1.250ರ ಹತ್ತಿರವಿದ್ದರೆ ತುಂಬಿದೆ, 1.150ಕ್ಕಿಂತ ಕೆಳಗಿದ್ದರೆ ಮನೆಯವರು ಮಿತಿ ಮೀರಿ ಬಳಸಿದ್ದಾರೆ. ಆರು ಕೋಶಗಳಲ್ಲಿ ಒಂದೇ ಕೋಶ ಕೆಳಗಿದ್ದರೆ ಅದು ಬಳಕೆಯ ತಪ್ಪಲ್ಲ, ಕೋಶದ ಕಾಯಿಲೆ. ಟರ್ಮಿನಲ್ ಮೇಲಿನ ಹಸಿರು ಮಿಶ್ರಿತ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು ವ್ಯಾಸಲೀನ್ ಹಚ್ಚುವುದು, ಬಾವಿಯ ನೀರು ಹಾಕದಂತೆ ಮನೆಯವರಿಗೆ ಮತ್ತೆ ಮತ್ತೆ ಹೇಳುವುದು. ಕ್ಲಾಸಿನಲ್ಲಿ ಹೇಳಿಕೊಟ್ಟು ಬರುವಂಥದ್ದಲ್ಲ ಇದು.

ಆಮೇಲೆ ಲೈನ್ ಬಂತು. ಪಂಪ್‌ಸೆಟ್ಟಿನ ಫೀಡರನ್ನು ಬೇರ್ಪಡಿಸಿ ಹಳ್ಳಿಯ ಮನೆಗಳಿಗೆ ದಿನವಿಡೀ ಕರೆಂಟು ಕೊಡುವ ನಿರಂತರ ಜ್ಯೋತಿ ಒಳ್ಳೆಯ ಯೋಜನೆ, ಬರಲೇಬೇಕಾಗಿತ್ತು. ಅದರೊಂದಿಗೆ ಮನೆಯ ಸೌರದೀಪಗಳು ಅಟ್ಟ ಸೇರಿದವು, ಬ್ಯಾಟರಿ ಹುಡುಗರು ಬೇರೆ ಕೆಲಸ ಹಿಡಿದರು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕೇ ಕೆನರಾದೊಳಗೆ ಸೇರಿಹೋಯಿತು.

2013ರಿಂದ ಈಚಿನದನ್ನು ಮೀಟರಿನ ಯುಗ ಎನ್ನಬಹುದು. ವಿದ್ಯುತ್ ನಿಯಂತ್ರಣ ಆಯೋಗ ಮಾಳಿಗೆಯ ಸೌರವಿದ್ಯುತ್ತಿಗೆ ಯೂನಿಟ್ಟಿಗೆ 9.56 ರೂಪಾಯಿ ದರ ಗೊತ್ತುಮಾಡಿತು. ಮನೆಗಳಿಗಿಂತ ಮೊದಲು ಅದನ್ನು ಹಿಡಿದುಕೊಂಡವು ಕೋಳಿ ಫಾರಂಗಳ ಉದ್ದುದ್ದ ಶೆಡ್ಡುಗಳು. 2016ರಲ್ಲಿ ದರ ಇಳಿಯಿತು. ಪಾವಗಡದ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕು 2019ರ ಕೊನೆಗೆ ಪೂರ್ತಿಯಾಯಿತು. ಅದು ಬೇರೆಯೇ ಕತೆ. 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಬಂದು 200 ಯೂನಿಟ್‌ವರೆಗೆ ಬಿಲ್ ಇಲ್ಲದಾದಾಗ ಸಾಮಾನ್ಯ ಮನೆಗೆ ಬಿಲ್ ಉಳಿಸಲು ಫಲಕ ಹಾಕುವ ಕಾರಣವೇ ಹೋಯಿತು. ಬಡವರ ಬಿಲ್ ಸರ್ಕಾರ ಕಟ್ಟುವುದು ನ್ಯಾಯ. ಆದರೆ ಫಲಕವನ್ನು ಬಿಲ್ಲಿನ ಲೆಕ್ಕದಲ್ಲಷ್ಟೇ ನೋಡುವುದನ್ನು ನಾವು ರೂಢಿ ಮಾಡಿಕೊಂಡಿದ್ದರಿಂದ, ಬಿಲ್ ಹೋದ ಮೇಲೆ ಫಲಕಕ್ಕೆ ಇನ್ನೇನು ಕೆಲಸ ಎಂದು ಯಾರಿಗೂ ಹೊಳೆಯಲಿಲ್ಲ.

ಆ ಕೆಲಸ ಯಾವುದೆಂದು 2024ರ ಬೇಸಿಗೆ ತೋರಿಸಿತು. ಹಿಂದಿನ ವರ್ಷ ಬರ, ಜಲಾಶಯ ಖಾಲಿ, ಮಾರ್ಚಿನಲ್ಲಿ ರಾಜ್ಯದ ಬೇಡಿಕೆ 17,000 ಮೆಗಾವಾಟ್ ದಾಟಿತು. ರಾಯಚೂರು, ಕಲಬುರಗಿಯಲ್ಲಿ ಉಷ್ಣಾಂಶ 43 ಡಿಗ್ರಿ ಮೀರಿತು, ಬೆಂಗಳೂರಿನಲ್ಲೇ ಏಪ್ರಿಲ್ ಕೊನೆಗೆ 38.5. ಬಿಸಿಗಾಳಿಯ ದಿನಗಳಲ್ಲಿ ಕರೆಂಟು ಹೋಗುವುದಕ್ಕೆ ವಿದ್ಯುತ್ತಿನ ಅಭಾವವೊಂದೇ ಕಾರಣವಲ್ಲ. ಸೌರ ಪಾರ್ಕುಗಳ ದಯೆಯಿಂದ ಹಗಲಿನಲ್ಲಿ ಪಂಪ್‌ಸೆಟ್ಟಿಗೂ ಕೊಡುವಷ್ಟು ಇರುತ್ತದೆ. ಸೋಲುವುದು ಬೀದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ರಾತ್ರಿ ಹತ್ತಾದರೂ ಗೋಡೆ ಬಿಸಿ, ಎಲ್ಲ ಮನೆಗಳ ಫ್ಯಾನ್, ಕೂಲರ್, ಏಸಿ ಒಟ್ಟಿಗೆ ಓಡುತ್ತವೆ. ಟಿಸಿಯೊಳಗಿನ ಎಣ್ಣೆ ತಣ್ಣಗಾಗಲು ಹೊರಗಿನ ಗಾಳಿ ತಣ್ಣಗಿರಬೇಕು, ಅದೂ ಇಲ್ಲ. ಫ್ಯೂಸ್ ಹೋಗುತ್ತದೆ, ಕೇಬಲ್ ಸುಡುತ್ತದೆ, ಕೆಲವೊಮ್ಮೆ ಟಿಸಿಯೇ ಸುಟ್ಟು ಹೊಸದು ಬರುವವರೆಗೆ ಒಂದೆರಡು ದಿನ ಹಿಡಿಯುತ್ತದೆ. ಅಂದರೆ ಕರೆಂಟು ಹೆಚ್ಚು ಬೇಕಾದ ಹೊತ್ತು, ಕರೆಂಟು ಹೋಗುವ ಹೊತ್ತು, ಫಲಕ ಮಲಗಿರುವ ಹೊತ್ತು ಮೂರೂ ಒಂದೇ.

ಹಗಲಿನಲ್ಲೂ ಶಾಖ ಫಲಕಕ್ಕೆ ಮಿತ್ರನಲ್ಲ. ಬಿಸಿಲು ಜೋರಾದಷ್ಟೂ ಉತ್ಪಾದನೆ ಜೋರು ಎಂದು ಜನ ತಿಳಿದಿದ್ದಾರೆ. ಫಲಕಕ್ಕೆ ಬೇಕಾದದ್ದು ಬೆಳಕು. ಕೋಶ 25 ಡಿಗ್ರಿಗಿಂತ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಶೇ 0.35ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಫಲಕ 65 ಡಿಗ್ರಿ ಮುಟ್ಟುವುದು ಸಾಮಾನ್ಯ, ಆಗ ಶೇ 15ರ ಆಸುಪಾಸು ನಷ್ಟ. ಬ್ಯಾಟರಿಯ ಪಾಡು ಇನ್ನೂ ಕಷ್ಟ. ಸೀಸ-ಆಮ್ಲದ ಬ್ಯಾಟರಿಯ ಆಯುಸ್ಸು 25ರ ಮೇಲೆ ಪ್ರತಿ 10 ಡಿಗ್ರಿಗೆ ಅರ್ಧವಾಗುತ್ತದೆಂಬುದು ನಮ್ಮ ಕಸುಬಿನ ಹಳೆಯ ಲೆಕ್ಕ. ಕಲಬುರಗಿ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಬ್ಯಾಟರಿಯನ್ನು ತಗಡಿನ ಶೀಟಿನ ಕೋಣೆಯಲ್ಲೋ ಮೆಟ್ಟಿಲ ಕೆಳಗಿನ ಗಾಳಿಯಾಡದ ಗೂಡಿನಲ್ಲೋ ಇಟ್ಟಿರುತ್ತಾರೆ. ಮುಚ್ಚಳ ತೆಗೆದರೆ ನೀರು ಆವಿಯಾಗಿ ಪ್ಲೇಟುಗಳು ಬರಿದಾಗಿ ಕಾಣುತ್ತವೆ. ಐದು ವರ್ಷ ಬಾಳಬೇಕಾದದ್ದು ಎರಡೇ ವರ್ಷಕ್ಕೆ ಮುಗಿದಿರುತ್ತದೆ, ಮನೆಯವರು ಕಂಪನಿಯನ್ನು ಬೈಯುತ್ತಿರುತ್ತಾರೆ. ಅದೇ ಬ್ಯಾಟರಿಯನ್ನು ಮನೆಯ ತಂಪಾದ ಮೂಲೆಗೆ ಸರಿಸಿ ಎಂದು ಹೇಳುವವರು ಇಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಬಂದದ್ದು ನಿಜವಾದ ಮುನ್ನಡೆ. ನೀರು ಬೇಡ, ಸಾವಿರಾರು ಬಾರಿ ತುಂಬಿ ಖಾಲಿ ಮಾಡಬಹುದು, ಒಳಗಿರುವ ಶಕ್ತಿಯ ಬಹುಪಾಲು ಬಳಸಬಹುದು. ಅದರೊಂದಿಗೆ ಬಂದ ಹೈಬ್ರಿಡ್ ಇನ್ವರ್ಟರ್ ಲೈನ್ ಹೋದ ಕ್ಷಣ ಮನೆಯನ್ನು ಲೈನಿನಿಂದ ಬೇರ್ಪಡಿಸಿ, ಫಲಕ ಮತ್ತು ಬ್ಯಾಟರಿಯಿಂದ ಮನೆ ನಡೆಸುತ್ತದೆ. ಪವರ್‌ಮ್ಯಾನ್ ಸುರಕ್ಷಿತ, ಮನೆಗೂ ಕರೆಂಟು. ಇದಕ್ಕಿಂತಲೂ ಹೆಚ್ಚಾಗಿ ನಾನು ಮೆಚ್ಚುವುದು ಬಿಎಲ್‌ಡಿಸಿ ಫ್ಯಾನನ್ನು. ಹಳೆಯ ಫ್ಯಾನ್ 75 ವಾಟ್ ತಿನ್ನುವಲ್ಲಿ ಇದಕ್ಕೆ 30 ಸಾಕು. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಧೈರ್ಯವಾಗಿ ಬಳಸಬಹುದಾದದ್ದು ಒಂದು ಯೂನಿಟ್ ಎಂದುಕೊಂಡರೆ, ಒಂದೂವರೆ ಟನ್ ಏಸಿ ಅದರಲ್ಲಿ ಮುಕ್ಕಾಲು ಗಂಟೆ ಓಡೀತು, ಹಳೆಯ ಮೂರು ಫ್ಯಾನುಗಳು ನಾಲ್ಕೂವರೆ ಗಂಟೆ, ಹೊಸ ಮೂರು ಫ್ಯಾನುಗಳು ರಾತ್ರಿಯಿಡೀ. ರೆಡ್ಡಿಯವರು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ಉತ್ತರ ಎಷ್ಟು ಹತ್ತಿರದಲ್ಲಿದೆ ನೋಡಿ.

ಈ ಪ್ರಶ್ನೆ ಈಗಿನ ನೀತಿಯಲ್ಲಿ ಇಲ್ಲ. ಸೂರ್ಯಘರ್ ಒಂದು ಕಿಲೊವಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಕೊಡುತ್ತದೆ. ಬ್ಯಾಟರಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಅದಕ್ಕೆ ಹಣವಿಲ್ಲ. ಸ್ವಂತ ಮಾಳಿಗೆ ಬೇಕು. ರಾಯಚೂರಿನ ತಗಡಿನ ಮನೆಯಲ್ಲಿ ಬಾಡಿಗೆಗಿರುವ ಹಮಾಲಿ ಕುಟುಂಬ, ರಾತ್ರಿಯ ಬಿಸಿಗೆ ಎಲ್ಲರಿಗಿಂತ ಮೊದಲು ಸಿಗುವ ಕುಟುಂಬ, ಇದರೊಳಗೆ ಬರುವುದೇ ಇಲ್ಲ. ಅವರಿಗೆ ಮೂರು ಕಿಲೊವಾಟ್ ಬೇಕಾಗಿಯೂ ಇಲ್ಲ. ಎರಡು ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆ, ಮೂರು ಎಲ್‌ಇಡಿ ನಾಲ್ಕು ಗಂಟೆ ಓಡಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ಸಾಕು: 200 ವಾಟಿನ ಒಂದು ಫಲಕ, 60 ಆಂಪಿಯರ್ ಅವರ್‌ನ ಒಂದು ಲಿಥಿಯಂ ಬ್ಯಾಟರಿ. ಮನೆ ಬದಲಿಸಿದರೆ ಬಿಚ್ಚಿ ಒಯ್ಯಬಹುದು. ದಿನಗೂಲಿಯವರಿಗೆ ದಿನದ ಕಂತು ಕಟ್ಟಿಸಿಕೊಳ್ಳುವುದು ಈ ರಾಜ್ಯದ ಬ್ಯಾಂಕುಗಳಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.

ಇಂಥ ಸಾಲ ಮೊದಲು ಯಾವ ಬೀದಿಗೆ ಹೋಗಬೇಕು ಎಂದು ಹೇಳಲು ಒಂದು ಪಟ್ಟಿ ಬೇಕು. ವಿದ್ಯುತ್ ಕಂಪನಿಗಳು ಗ್ರಾಹಕರಿಗೆ ಸರಾಸರಿ ಎಷ್ಟು ನಿಮಿಷ ಕರೆಂಟು ಇರಲಿಲ್ಲವೆಂದು ಲೆಕ್ಕ ಕೊಡುತ್ತವೆ. ಆ ಸರಾಸರಿಯಲ್ಲಿ ಜನವರಿಯ ಮಧ್ಯಾಹ್ನದ ಗಂಟೆಗೂ ಮೇ ತಿಂಗಳ ನಡುರಾತ್ರಿಯ ಗಂಟೆಗೂ ಒಂದೇ ತೂಕ. ಮಾರ್ಚಿನಿಂದ ಮೇವರೆಗೆ ರಾತ್ರಿ ಎಂಟರಿಂದ ಬೆಳಿಗ್ಗೆ ಆರರೊಳಗೆ ಯಾವ ಟಿಸಿ ಎಷ್ಟು ಸಲ ಕೈಕೊಟ್ಟಿತು, ಎಷ್ಟು ಹೊತ್ತು ಎಂಬುದು ಸೆಕ್ಷನ್ ಕಚೇರಿಯ ದೂರಿನ ಪುಸ್ತಕದಲ್ಲಿ ಸಿಕ್ಕೇ ಸಿಗುತ್ತದೆ. ಅದನ್ನು ಟಿಸಿವಾರು ತೆಗೆದು ಆಯೋಗದ ಮುಂದಿಡಲಿ, ಜಿಲ್ಲೆಯ ಲೀಡ್ ಬ್ಯಾಂಕಿಗೂ ಒಂದು ಪ್ರತಿ ಕಳಿಸಲಿ.