ಹೊಗೆ ನಡೆದ ಹಾದಿಯಲ್ಲಿ ವಂಶವಾಹಿ

ಹೊಸಕೋಟೆ ಸೀಮೆಯ ಸಮೇತನಹಳ್ಳಿಯ ಕಡೆ ನಾನು ಹೋಗಿಬರುವಾಗಲೆಲ್ಲ ಬೇಲಿಯ ಮಗ್ಗುಲಲ್ಲಿ ಉಮ್ಮತ್ತಿ ಗಿಡಗಳು ಕಣ್ಣಿಗೆ ಬೀಳುತ್ತವೆ. ಯಾರೂ ನೆಟ್ಟವಲ್ಲ. ಶಿವಪೂಜೆಗೆ ಹೂ ಕೊಯ್ಯುವವರನ್ನು ಬಿಟ್ಟರೆ ಈ ವಿಷದ ಗಿಡದ ತಂಟೆಗೆ ಯಾರೂ ಹೋಗರು. ಆದರೂ ಉಸಿರಿನ ಮೂಲಕವೇ ಶ್ವಾಸಕೋಶಕ್ಕೆ ಮದ್ದು ಮುಟ್ಟಿಸುವ ವಿದ್ಯೆಯ ಚರಿತ್ರೆಯಲ್ಲಿ ಇದಕ್ಕೊಂದು ಹಿರಿಯ ಸ್ಥಾನವುಂಟು.

ಆ ವಿದ್ಯೆ ನಮಗೆ ಹೊಸದಲ್ಲ. ಮೂಲಿಕೆಗಳನ್ನು ಅರೆದು ಜೊಂಡಿನ ಕಡ್ಡಿಗೆ ಮೆತ್ತಿ, ಒಣಗಿಸಿ, ಕಡ್ಡಿಯನ್ನು ತೆಗೆದು, ತುಪ್ಪ ಸವರಿ ಹೊತ್ತಿಸಿ ಹೊಗೆ ಸೇದುವ ಕ್ರಮವನ್ನು ಚರಕಸಂಹಿತೆ ವಿವರಿಸುತ್ತದೆ. ಉಬ್ಬಸಕ್ಕೆ ಉಮ್ಮತ್ತಿಯ ಹೊಗೆ ಸೇದುವ ರೂಢಿಯನ್ನು 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಮದ್ರಾಸಿನಿಂದ ಬ್ರಿಟನ್ನಿಗೆ ಕೊಂಡೊಯ್ದ. ಮುಂದೆ ಯೂರೋಪಿನ ಔಷಧದಂಗಡಿಗಳಲ್ಲಿ ಉಬ್ಬಸದ ಸಿಗರೇಟುಗಳು ಮಾರಾಟಕ್ಕೆ ಬಂದುವು! ಗಿಡದಲ್ಲಿರುವ ಅಟ್ರೋಪೀನಿನಂಥ ಸತ್ತ್ವಗಳು ಶ್ವಾಸನಾಳದ ಬಿಗಿತವನ್ನು ಸಡಿಲಿಸುತ್ತವೆ. ಅದೇ ಸತ್ತ್ವದಿಂದ ರೂಪಿಸಿದ ಇಪ್ರಟ್ರೋಪಿಯಮ್ ಇಂದಿಗೂ ಇನ್‌ಹೇಲರುಗಳಲ್ಲಿದೆ. ಅಳತೆಮಾಡಿ ಮದ್ದು ಚಿಮ್ಮುವ ಇನ್‌ಹೇಲರು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1956ರಲ್ಲಿ. ಮನೆಯಲ್ಲಿ ಉಮ್ಮತ್ತಿಯನ್ನು ಸೇದಿ ನೋಡಲು ಮಾತ್ರ ಯಾರೂ ಹೊರಡಬಾರದು. ಅದು ಪ್ರಾಣಕ್ಕೆ ಎರವಾದೀತು.

ಹೊಗೆ ನಡೆದ ಹಾದಿಯಲ್ಲಿ ವಂಶವಾಹಿಯೂ ನಡೆದೀತೆ? 1989ರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದ ವಂಶವಾಹಿ ಪತ್ತೆಯಾದಾಗ ಈ ಪ್ರಶ್ನೆಗೆ ಕಾವು ಬಂತು. ಆ ರೋಗದಲ್ಲಿ ಜೀವಕೋಶಗಳು ಉಪ್ಪಿನಂಶವನ್ನು ಸರಿಯಾಗಿ ಸಾಗಿಸಲಾರವು. ಕಫ ಅಂಟಾಗಿ ಶ್ವಾಸನಾಳಗಳನ್ನು ಕಟ್ಟುತ್ತದೆ. ವಂಶವಾಹಿಯ ನೆಟ್ಟಗಿನ ಪ್ರತಿಯೊಂದನ್ನು ಉಸಿರಿನೊಡನೆ ಒಳಗೆ ಕಳುಹಿಸಿದರಾಯಿತು ಎಂದುಕೊಂಡರು.

ಆದರೆ ಹೊರಗಿನಿಂದ ಬಂದದ್ದನ್ನು ಹೊರದೂಡುವುದರಲ್ಲಿ ಶ್ವಾಸಕೋಶದಷ್ಟು ನಿಪುಣವಾದ ಅಂಗಗಳು ಕಡಮೆ. ತುಂತುರಿನ ಹನಿ ಸುಮಾರು ಐದು ಮೈಕ್ರಾನಿಗಿಂತ ದೊಡ್ಡದಾದರೆ ಗಂಟಲಲ್ಲೇ ಬಡಿದು ನಿಲ್ಲುತ್ತದೆ. ತೀರ ಚಿಕ್ಕದಾದರೆ ಬಿಟ್ಟ ಉಸಿರಿನೊಡನೆ ಹಿಂತಿರುಗುತ್ತದೆ. ಒಳಗೆ ಇಳಿದದ್ದನ್ನು ಕಫ ಹಿಡಿದುಕೊಳ್ಳುತ್ತದೆ, ಸೂಕ್ಷ್ಮ ರೋಮಗಳು ಬೀಸಿ ಬೀಸಿ ಮೇಲಕ್ಕೆ ತಳ್ಳುತ್ತವೆ. ಅಟ್ರೋಪೀನಿನ ಕಣ ಪುಟ್ಟದು. ಜೀವಕೋಶದ ಹೊರಮೈ ಮುಟ್ಟಿದರೆ ಅದರ ಕೆಲಸವಾಯಿತು. ವಂಶವಾಹಿಯಾದರೋ ದೊಡ್ಡದು. ತುಂತುರು ಮಾಡುವ ಯಂತ್ರದ ರಭಸಕ್ಕೇ ಅದು ತುಂಡಾಗಬಹುದು; ಉಳಿದರೂ ಜೀವಕೋಶದ ಪೊರೆಯನ್ನು ದಾಟಿ, ಒಳಗಿನ ಕೋಶಕೇಂದ್ರದವರೆಗೆ ಸಾಗಬೇಕು. ಸಾಗಿತೆನ್ನಿ, ಆ ಜೀವಕೋಶವೇ ಕೆಲವು ತಿಂಗಳಲ್ಲಿ ಸತ್ತು ಹೊಸದು ಬರುತ್ತದೆ. ರೋಗಿಯ ಕಫವೋ, ಮೊದಲೇ ಗಟ್ಟಿ! ಯಾರಿಗೆ ಮದ್ದು ಬೇಕೋ ಅವರಲ್ಲಿಯೇ ಬಾಗಿಲು ಹೆಚ್ಚು ಭದ್ರ.

1993ರಿಂದ ವೈರಸ್ಸಿನ ಬೆನ್ನಮೇಲೆ ವಂಶವಾಹಿಯನ್ನು ಕೂರಿಸಿ ಕಳುಹಿಸಿ ನೋಡಿದರು. ದೇಹ ಆ ವೈರಸ್ಸನ್ನು ಗುರುತಿಟ್ಟುಕೊಂಡು ಮರುಸಲ ಬಂದಾಗ ಕಾದಾಡಿತು. ಆಮೇಲೆ ಬ್ರಿಟನ್ನಿನವರು ವೈರಸ್ಸನ್ನು ಬಿಟ್ಟು ಕೊಬ್ಬಿನ ಕಣಗಳಲ್ಲಿ ಸುತ್ತಿ, ವರ್ಷಪೂರ್ತಿ ತಿಂಗಳಿಗೊಮ್ಮೆ ಉಸಿರಿಗೆ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತದಂತೆ, ಹುಸಿಮದ್ದು ಪಡೆದವರಿಗೂ ನಿಜಮದ್ದು ಪಡೆದವರಿಗೂ ಉಸಿರಿನ ಬಲದಲ್ಲಿದ್ದ ಅಂತರ ಶೇಕಡ 3.7. ಅಲ್ಪವೆಂದು ನಕ್ಕವರಿರಬಹುದು. ನನಗೆ ಹಾಗನ್ನಿಸುವುದಿಲ್ಲ, ಬಾಗಿಲು ಅಲುಗಿದ್ದಂತೂ ನಿಜ.

ಇದು ಬಿಳಿಯರ ರೋಗ, ನಮಗೇಕೆ ಎಂಬ ಮಾತು ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. ಪರೀಕ್ಷೆ ಮಾಡತೊಡಗಿದ ಮೇಲೆ ನಮ್ಮ ಮಕ್ಕಳಲ್ಲಿಯೂ ಅದು ಕಂಡುಬಂತು. ಪಶ್ಚಿಮದಲ್ಲಿ 2019ರಿಂದ ಒಳ್ಳೆಯ ಮಾತ್ರೆಗಳು ಬಂದಿವೆ; ಬೆಲೆ ಕೈಗೆಟುಕದು. ಅವು ಹೆಚ್ಚಾಗಿ ಒಲಿಯುವುದು ಯೂರೋಪಿನವರಲ್ಲಿ ಬಹುವಾಗಿ ಕಾಣುವ ಒಂದು ಲೋಪಕ್ಕೆ. ಭಾರತೀಯ ರೋಗಿಗಳಲ್ಲಿ ಅದರ ಪಾಲು ಕಡಮೆ. ನೆಟ್ಟಗಿನ ವಂಶವಾಹಿಯನ್ನೇ ಒಳಗೆ ಕಳುಹಿಸುವ ಚಿಕಿತ್ಸೆ, ಕೈಗೂಡಿದರೆ, ನಿನ್ನದು ಯಾವ ಲೋಪವೆಂದು ಮಗುವನ್ನು ಕೇಳಲಾರದು. ಸದ್ಯಕ್ಕೆ ಅದು ಪ್ರಯೋಗದ ಮಟ್ಟದಲ್ಲಿಯೇ ಇದೆ.